ಕೆಲಸ ಮುಗಿಸಿ ಓಡಿದವರು

1980ರ ಮಾಸ್ಕೊ ಒಲಿಂಪಿಕ್ಸ್ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಹಾಕಿ. ವಾಸುದೇವನ್ ಭಾಸ್ಕರನ್ ನಾಯಕತ್ವದ ಭಾರತ ತಂಡ ಅಲ್ಲಿ ಚಿನ್ನ ಗೆದ್ದಿತು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಹದಿನಾರರ ಹುಡುಗಿ ಪಿ.ಟಿ. ಉಷಾ ಮೊದಲ ಬಾರಿಗೆ ಒಲಿಂಪಿಕ್ಸ್ ಟ್ರ್ಯಾಕಿನ ಮೇಲೆ ಕಾಲಿಟ್ಟದ್ದೂ ಅಲ್ಲಿಯೇ. ಅದೇ ಕ್ರೀಡಾಕೂಟದ ಇನ್ನೊಂದು ಓಟದ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಅದು ಪುರುಷರ 100 ಮೀಟರ್ ಓಟದ ಫೈನಲ್.

ಜುಲೈ 25ರಂದು ಲೆನಿನ್ ಕ್ರೀಡಾಂಗಣದಲ್ಲಿ ಎಂಟು ಮಂದಿ ಸಾಲಾಗಿ ನಿಂತಿದ್ದರು. ಒಂದನೆಯ ಲೇನಿನಲ್ಲಿ ಕ್ಯೂಬಾದ ಸಿಲ್ವಿಯೊ ಲಿಯೊನಾರ್ಡ್. ಎಂಟನೆಯ ಲೇನಿನಲ್ಲಿ ಸ್ಕಾಟ್ಲೆಂಡಿನ ಅಲನ್ ವೆಲ್ಸ್. ಗೆಲ್ಲಬಲ್ಲ ಇಬ್ಬರು ಟ್ರ್ಯಾಕಿನ ಎರಡು ಅಂಚುಗಳಲ್ಲಿ. ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ. ಇಬ್ಬರೂ ಗುರಿ ಮುಟ್ಟಿದಾಗ ಗಡಿಯಾರ ಇಬ್ಬರಿಗೂ 10.25 ಸೆಕೆಂಡು ತೋರಿಸಿತು. ಛಾಯಾಚಿತ್ರ ನೋಡಿ ತೀರ್ಪು ಕೊಡಬೇಕಾಯಿತು. ಕೊನೆಯ ಹೆಜ್ಜೆಗಳಲ್ಲಿ ಎದೆ ಮುಂದಕ್ಕೆ ಬಾಗಿಸಿದ್ದ ವೆಲ್ಸ್ ಸುಮಾರು ಮೂರು ಅಂಗುಲದ ಅಂತರದಲ್ಲಿ ಗೆದ್ದಿದ್ದರು.

ಅಂದಿಗೆ ವೆಲ್ಸ್ ಅವರ ವಯಸ್ಸು 28 ವರ್ಷ 83 ದಿನ. ಒಲಿಂಪಿಕ್ಸ್‌ನ 100 ಮೀಟರ್ ಓಟವನ್ನು ಅದುವರೆಗೆ ಅಷ್ಟು ವಯಸ್ಸಾದವರು ಯಾರೂ ಗೆದ್ದಿರಲಿಲ್ಲ. ವೃತ್ತಿಯಿಂದ ಅವರು ಎಂಜಿನಿಯರ್. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ, ಕೇವಲ ನಾಲ್ಕು ವರ್ಷಗಳ ಹಿಂದೆ ಅವರು ಓಟಗಾರರೇ ಆಗಿರಲಿಲ್ಲ.

ಈ ಗೆಲುವಿನ ಅರ್ಥ ಪೂರ್ತಿಯಾಗಿ ತಿಳಿಯಬೇಕಾದರೆ ಮಾಸ್ಕೊದಿಂದ ಸರಿಯಾಗಿ ನೂರು ವರ್ಷ ಹಿಂದಕ್ಕೆ, ಇಂಗ್ಲೆಂಡಿಗೆ ಹೋಗಬೇಕು.

ಯಾರು ಓಡಬಹುದು?

ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಎರಡು ಬಗೆಯ ಓಟಗಳಿದ್ದವು. ಒಂದು, ದುಡ್ಡಿನ ಓಟ. ನಮ್ಮ ಜಾತ್ರೆಗಳ ಬಹುಮಾನದ ಕುಸ್ತಿಯ ಹಾಗೆ ಇದಕ್ಕೆ ಜನ ಮುಗಿಬೀಳುತ್ತಿದ್ದರು, ಬಾಜಿ ಕಟ್ಟುತ್ತಿದ್ದರು. ಓಡುತ್ತಿದ್ದವರು ಗಣಿ, ಗಿರಣಿಗಳಲ್ಲಿ ದುಡಿಯುವವರು. ಇನ್ನೊಂದು, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಓದಿದ ಅನುಕೂಲಸ್ಥರ ಓಟ. ಇವರು ದುಡ್ಡಿಗಾಗಿ ಓಡುವುದನ್ನು ಹೀನವೆಂದು ತಿಳಿದಿದ್ದರು.

1866ರಲ್ಲಿ ಲಂಡನ್ನಿನಲ್ಲಿ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಹುಟ್ಟಿಕೊಂಡಿತು. 'ಅಮೆಚೂರ್', ಅಂದರೆ ಹವ್ಯಾಸಿ, ಯಾರು ಎಂಬುದಕ್ಕೆ ಆ ಕಾಲದ ನಿಯಮ ಕೊಟ್ಟ ವ್ಯಾಖ್ಯೆ ಕುತೂಹಲಕರವಾಗಿದೆ. ದುಡ್ಡಿಗಾಗಿ ಸ್ಪರ್ಧಿಸಿದವನು ಹವ್ಯಾಸಿಯಲ್ಲ ಎಂದರೆ ಒಪ್ಪಬಹುದು. ಆದರೆ ನಿಯಮ ಅಲ್ಲಿಗೆ ನಿಲ್ಲಲಿಲ್ಲ. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರ ಈ ಮೂವರೂ ಹವ್ಯಾಸಿಗಳಾಗಲಾರರು ಎಂದಿತು. ಅವರು ಓಟದಿಂದ ಒಂದು ಕಾಸನ್ನೂ ಪಡೆಯದಿದ್ದರೂ ಅಷ್ಟೇ. ಮೈಮುರಿದು ದುಡಿಯುವವನಿಗೆ ದೇಹಬಲ ಸಹಜವಾಗಿಯೇ ಹೆಚ್ಚಿರುತ್ತದೆ, ಅವನೊಡನೆ ಕಚೇರಿಯವನು ಸ್ಪರ್ಧಿಸುವುದು ನ್ಯಾಯವಲ್ಲ ಎಂಬುದು ಇದಕ್ಕೆ ಕೊಡುತ್ತಿದ್ದ ಸಮರ್ಥನೆ. ಜೊತೆಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂಲಿಯವನ ಪಕ್ಕ ನಿಲ್ಲಲು ಇಷ್ಟವಿರಲಿಲ್ಲ ಎಂಬ ಕಾರಣವೂ ಇತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

1880ರ ಏಪ್ರಿಲ್ 24ರಂದು ಆಕ್ಸ್‌ಫರ್ಡಿನಲ್ಲಿ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪನೆಯಾದಾಗ ಈ ಮೆಕ್ಯಾನಿಕ್ ನಿಯಮವನ್ನು ಕೈಬಿಡಲಾಯಿತು. ಇನ್ನು ಮುಂದೆ ಯಾವ ಕಸುಬಿನವರಾದರೂ ಓಡಬಹುದು. ಆದರೆ ಎರಡನೆಯ ಗೋಡೆ, ದುಡ್ಡಿನ ಗೋಡೆ, ಹಾಗೆಯೇ ಉಳಿಯಿತು. ಓಟದಿಂದ ಗಳಿಸಬಾರದು, ಇತರ ಕ್ರೀಡೆಯಿಂದಲೂ ಗಳಿಸಬಾರದು. ಪಂದ್ಯಕ್ಕೆ ಹೋದ ದಿನಗಳ ಸಂಬಳ ಕಡಿತವಾದರೆ ಅದನ್ನು ಬೇರೆಯವರು ತುಂಬಿಕೊಡುವುದೂ ಬಹುಕಾಲ ತಪ್ಪೆನಿಸಿತ್ತು. ಒಲಿಂಪಿಕ್ಸ್ 1896ರಲ್ಲಿ ಮರುಹುಟ್ಟು ಪಡೆದಾಗ ಇದೇ ತತ್ವವನ್ನು ತಲೆಯ ಮೇಲೆ ಹೊತ್ತುಕೊಂಡಿತು.

ಈ ನಿಯಮದ ಕಠೋರತೆಗೆ ಒಂದೇ ಉದಾಹರಣೆ ಸಾಕು. ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ 1912ರ ಸ್ಟಾಕ್‌ಹೋಂ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡನ್ನೂ ಗೆದ್ದರು. ಅದಕ್ಕೂ ಮುನ್ನ ಅವರು ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬುದು ಬೆಳಕಿಗೆ ಬಂತು. 1913ರಲ್ಲಿ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಥಾರ್ಪ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1982ರಲ್ಲಿ, ಅವರನ್ನು ಜಂಟಿ ವಿಜೇತರೆಂದು ಒಪ್ಪಲಾಯಿತು. ಏಕೈಕ ವಿಜೇತರೆಂದು ಒಪ್ಪಲು 2022ನೇ ಇಸವಿ ಬರಬೇಕಾಯಿತು.

ಇಪ್ಪತ್ತನಾಲ್ಕಕ್ಕೆ ಹೊಸ ಆರಂಭ

ಅಲನ್ ವೆಲ್ಸ್ ಹುಟ್ಟಿದ್ದು 1952ರ ಮೇ 3ರಂದು, ಎಡಿನ್‌ಬರೊದಲ್ಲಿ. ಹದಿನೈದಕ್ಕೆ ಶಾಲೆ ಬಿಟ್ಟು ಎಂಜಿನಿಯರಿಂಗ್ ಅಪ್ರೆಂಟಿಸ್ ಆಗಿ ಸೇರಿದರು. ಅಂದರೆ 1866ರ ಕ್ಲಬ್ಬಿನವರು ಬಾಗಿಲಲ್ಲೇ ತಡೆದು ಕಳಿಸಬಹುದಾಗಿದ್ದ ಹುಡುಗ. ಮೊದಲು ಅವರ ಒಲವು ಇದ್ದದ್ದು ಜಿಗಿತದ ಕಡೆಗೆ. 1970ರಲ್ಲಿ ಟ್ರಿಪಲ್ ಜಂಪ್‌ನಲ್ಲಿ ಸ್ಕಾಟ್ಲೆಂಡಿನ ಜೂನಿಯರ್ ಚಾಂಪಿಯನ್ ಆದರು. ಆಮೇಲೆ ಉದ್ದ ಜಿಗಿತ. ಊರ ಮಟ್ಟಿಗೆ ಹೆಸರಾದರೂ ಜಗತ್ತು ತಿರುಗಿ ನೋಡುವಂಥ ಜಿಗಿತಗಾರರಾಗಲಿಲ್ಲ.

1976ರಲ್ಲಿ, 24ರ ವಯಸ್ಸಿನಲ್ಲಿ, ಅವರು ವೇಗದ ಓಟದ ಕಡೆಗೆ ಪೂರ್ತಿ ತಿರುಗಿಕೊಂಡರು. ಸಾಮಾನ್ಯವಾಗಿ ಓಟಗಾರನೊಬ್ಬ ತನ್ನ ಅತ್ಯುತ್ತಮ ಕಾಲವನ್ನು ಮುಟ್ಟುವ ವಯಸ್ಸದು. ಹೊಸದಾಗಿ ಆರಂಭಿಸುವ ವಯಸ್ಸಲ್ಲ. ಆದರೂ ಎರಡೇ ವರ್ಷದಲ್ಲಿ, 1978ರಲ್ಲಿ, ಪೀಟರ್ ರಾಡ್‌ಫರ್ಡ್ ಹೆಸರಿನಲ್ಲಿ ಇಪ್ಪತ್ತು ವರ್ಷಗಳಿಂದ ಉಳಿದಿದ್ದ 100 ಮೀಟರ್ ಓಟದ ಬ್ರಿಟಿಷ್ ದಾಖಲೆಯನ್ನು ಮುರಿದರು. ಅದೇ ವರ್ಷ ಕೆನಡಾದ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 200 ಮೀಟರ್ ಮತ್ತು ರಿಲೇ ಓಟಗಳಲ್ಲಿ ಚಿನ್ನ, 100 ಮೀಟರ್‌ನಲ್ಲಿ ಬೆಳ್ಳಿ. ಮರುವರ್ಷ ಇಟಲಿಯ ಪಿಯೆಟ್ರೊ ಮೆನ್ನೆಯಾ ಅವರನ್ನು ಅವರದೇ ನೆಲದಲ್ಲಿ, ಟುರಿನ್ನಿನಲ್ಲಿ, 200 ಮೀಟರ್ ಓಟದಲ್ಲಿ ಸೋಲಿಸಿದರು. ಅದಾದ ಕೆಲವೇ ವಾರಗಳಲ್ಲಿ ಮೆನ್ನೆಯಾ ಮೆಕ್ಸಿಕೊದಲ್ಲಿ 19.72 ಸೆಕೆಂಡುಗಳ ವಿಶ್ವದಾಖಲೆ ಮಾಡಿದ್ದನ್ನು ನೆನೆದರೆ ಆ ಗೆಲುವಿನ ತೂಕ ತಿಳಿದೀತು.

ಇದು ಹೇಗೆ ಸಾಧ್ಯವಾಯಿತು? ಒಂದು ಕಾರಣ ಜಿಗಿತದಲ್ಲೇ ಇದೆ. ನೂರು ಮೀಟರನ್ನು 10.25 ಸೆಕೆಂಡಿನಲ್ಲಿ ಓಡುವುದೆಂದರೆ ಸರಾಸರಿ ಗಂಟೆಗೆ 35 ಕಿಲೋಮೀಟರ್ ವೇಗ. ಪೂರ್ಣ ವೇಗದಲ್ಲಿ ಓಡುವವನ ಪಾದ ಪ್ರತಿ ಹೆಜ್ಜೆಗೂ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಅಷ್ಟರೊಳಗೆ ಇಡೀ ಮೈಯನ್ನು ಮುಂದಕ್ಕೆ ಚಿಮ್ಮಿಸುವ ಬಲ ಕಾಲಿಗೆ ಬೇಕು. ಟ್ರಿಪಲ್ ಜಂಪ್ ಕಲಿಸುವುದೂ ಇದೇ ಚಿಮ್ಮುವಿಕೆಯನ್ನು. ಹೀಗಾಗಿ ವೆಲ್ಸ್ ತಡವಾಗಿ ಬಂದರೆಂಬುದು ಅರ್ಧ ನಿಜ. ಜಿಗಿತದ ಮರಳುಹೊಂಡದಲ್ಲಿ ಕಳೆದ ವರ್ಷಗಳು ಅವರ ಕಾಲುಗಳಲ್ಲಿ ಜಮೆಯಾಗಿದ್ದವು.

ಗೋಡೆಯಾಚೆಯ ವಿದ್ಯೆ

ಇನ್ನೊಂದು ಕಾರಣ ಹೆಚ್ಚು ಸ್ವಾರಸ್ಯಕರ. ಎಡಿನ್‌ಬರೊದ ಪೌಡರ್‌ಹಾಲ್ ಮೈದಾನದಲ್ಲಿ 1870ರಿಂದ ಹೊಸ ವರ್ಷದ ದುಡ್ಡಿನ ಓಟ ನಡೆಯುತ್ತಿತ್ತು. ಬಲಿಷ್ಠನನ್ನು ಹಿಂದೆ, ದುರ್ಬಲನನ್ನು ಕೆಲವು ಗಜ ಮುಂದೆ ನಿಲ್ಲಿಸಿ ಎಲ್ಲರನ್ನೂ ಒಟ್ಟಿಗೆ ಬಿಡುವ ಓಟ ಅದು. ಬಾಜಿ ಕಟ್ಟುವವರ ಗದ್ದಲ, ತನ್ನ ನಿಜವಾದ ವೇಗವನ್ನು ಮುಚ್ಚಿಟ್ಟುಕೊಳ್ಳುವ ಓಟಗಾರರ ಚಾಲಾಕಿತನ, ಚಳಿಗಾಲದುದ್ದಕ್ಕೂ ಗುಟ್ಟಾಗಿ ನಡೆಯುವ ತಾಲೀಮು ಎಲ್ಲ ಅಲ್ಲಿದ್ದವು. ಗೆದ್ದರೆ ಹೊಟ್ಟೆಗೆ ಹಿಟ್ಟು ಎಂಬಂಥ ಸ್ಥಿತಿಯಲ್ಲಿ ಹುಟ್ಟಿದ ತಾಲೀಮಾದ್ದರಿಂದ ಅದರಲ್ಲಿ ಉಪಯೋಗಕ್ಕೆ ಬಾರದ್ದು ಉಳಿಯುತ್ತಿರಲಿಲ್ಲ.

ವೆಲ್ಸ್ ಅವರಿಗೆ ತರಬೇತಿ ನೀಡಿದವರಲ್ಲಿ ವಿಲ್ಸನ್ ಯಂಗ್ ಈ ಹಿನ್ನೆಲೆಯವರು. ಬಾಕ್ಸರುಗಳು ಗುದ್ದುವ, ತೂಗುಹಾಕಿದ ಚಿಕ್ಕ ಚರ್ಮದ ಚೆಂಡು 'ಸ್ಪೀಡ್‌ಬಾಲ್' ದುಡ್ಡಿನ ಓಟಗಾರರ ಹಳೆಯ ಸಾಧನ. ಕೈ ಎಷ್ಟು ಚುರುಕೋ ಕಾಲು ಅಷ್ಟು ಚುರುಕು ಎಂಬ ನಂಬಿಕೆಯಿಂದ ಅದನ್ನು ಬಿಡುವಿಲ್ಲದೆ ಗುದ್ದುತ್ತಿದ್ದರು. ವೆಲ್ಸ್ ಕೂಡ ಗುದ್ದಿದರು. ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಮುಷ್ಟಿಗೆ ಪಟ್ಟಿ ಕಟ್ಟಿಕೊಂಡು ಚೆಂಡು ಗುದ್ದುವ ಎಂಜಿನಿಯರನ್ನು ನೋಡಿದವರು ಇವನೊಬ್ಬ ಬಾಕ್ಸರ್ ಎಂದುಕೊಂಡರೆ ತಪ್ಪಲ್ಲ. ಸ್ವತಃ ಓಟಗಾರ್ತಿಯಾಗಿದ್ದ ಪತ್ನಿ ಮಾರ್ಗೊ ಕೂಡ ಈ ತಾಲೀಮಿನ ಪಾಲುದಾರರಾಗಿದ್ದರು. ಮುಂದೆ ಅವರು ರಗ್ಬಿ ಆಟಗಾರರಿಗೆ ವೇಗ ಕಲಿಸುವ ಕೋಚ್ ಆಗಿ ಹೆಸರು ಮಾಡಿದರು.

ವೆಲ್ಸ್‌ಗಿಂತ ಮೊದಲು ಒಲಿಂಪಿಕ್ಸ್‌ನ 100 ಮೀಟರ್ ಗೆದ್ದ ಕೊನೆಯ ಬ್ರಿಟಿಷರು ಹೆರಾಲ್ಡ್ ಅಬ್ರಹಾಮ್ಸ್, 1924ರಲ್ಲಿ, ಪ್ಯಾರಿಸ್‌ನಲ್ಲಿ. ಕೇಂಬ್ರಿಜ್‌ನಲ್ಲಿ ಓದಿ ಕಾನೂನಿನ ಕಡೆಗೆ ಹೊರಟಿದ್ದ ಯುವಕ ಅವರು. ಅವರಿಗೆ ಹೆಜ್ಜೆ ತಿದ್ದಿಕೊಟ್ಟದ್ದು ಸ್ಯಾಮ್ ಮುಸ್ಸಾಬಿನಿ ಎಂಬ ವೃತ್ತಿಪರ ಕೋಚ್. ಹಣ ಪಡೆದು ಓಟ ಕಲಿಸುವವನ ನೆರವು ಪಡೆಯುವುದನ್ನು ಅಂದಿನ ಹವ್ಯಾಸಿ ಮಂದಿ ಮುಖ ಸಿಂಡರಿಸಿಕೊಂಡು ನೋಡಿದರು. ಗಮನಿಸಿ: ಬ್ರಿಟನ್ನಿಗೆ ಈ ಎರಡೂ ಚಿನ್ನಗಳು ದೊರೆತದ್ದು ಹವ್ಯಾಸಿಗಳಿಂದ, ಆದರೆ ವಿದ್ಯೆ ಬಂದದ್ದು ಗೋಡೆಯಾಚೆಯ ದುಡ್ಡಿನ ಓಟದಿಂದ. ಮನುಷ್ಯರನ್ನು ತಡೆದ ಗೋಡೆ ವಿದ್ಯೆಯನ್ನು ತಡೆಯಲಾರದೆ ಹೋಯಿತು.

ತಡೆಯಲ್ಪಟ್ಟ ಮನುಷ್ಯರೂ ಕಡಿಮೆಯಿಲ್ಲ. ಎಡಿನ್‌ಬರೊ ಸುತ್ತಿನವರೇ ಆದ ಜಾರ್ಜ್ ಮೆಕ್‌ನೀಲ್ ವೆಲ್ಸ್ ಅವರ ಸಮಕಾಲೀನರು, ಅಸಾಧಾರಣ ವೇಗದ ಓಟಗಾರ. ಆದರೆ ಯೌವನದಲ್ಲಿ ಅವರು ಸಂಬಳಕ್ಕೆ ಫುಟ್‌ಬಾಲ್ ಆಡಿದ್ದರು. ಅಷ್ಟರಿಂದಲೇ ಒಲಿಂಪಿಕ್ಸ್ ಬಾಗಿಲು ಮುಚ್ಚಿತು. ಅವರು ದುಡ್ಡಿನ ಓಟಗಳಲ್ಲೇ ಓಡಿ, 1981ರಲ್ಲಿ ಆಸ್ಟ್ರೇಲಿಯದ ಪ್ರಸಿದ್ಧ ಸ್ಟಾವೆಲ್ ಗಿಫ್ಟ್ ಓಟ ಗೆದ್ದರು. ಇಬ್ಬರೂ ತಮ್ಮ ಉತ್ತುಂಗದಲ್ಲಿ ಒಲಿಂಪಿಕ್ಸ್ ಟ್ರ್ಯಾಕಿನಲ್ಲಿ ಅಕ್ಕಪಕ್ಕ ನಿಂತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು.

ಮಾಸ್ಕೊ ಮತ್ತು ಮೌನ

ಇಷ್ಟೆಲ್ಲ ದಾಟಿ ಬಂದ ವೆಲ್ಸ್ ಅವರಿಗೆ ಮಾಸ್ಕೊದ ದಾರಿಯೂ ಸಲೀಸಾಗಿರಲಿಲ್ಲ. ಸೋವಿಯತ್ ಸೇನೆ 1979ರ ಡಿಸೆಂಬರ್‌ನಲ್ಲಿ ಆಫ್ಘಾನಿಸ್ತಾನವನ್ನು ಹೊಕ್ಕಿತ್ತು. ಅಮೆರಿಕ, ಪಶ್ಚಿಮ ಜರ್ಮನಿ, ಜಪಾನ್, ಕೆನಡಾ ಮೊದಲಾದ ದೇಶಗಳು ಕ್ರೀಡಾಕೂಟವನ್ನು ಬಹಿಷ್ಕರಿಸಿದವು. ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕೂಡ ತಮ್ಮ ಕ್ರೀಡಾಪಟುಗಳು ಹೋಗಬಾರದೆಂದು ಒತ್ತಾಯಿಸಿದರು. ಆದರೆ ಬ್ರಿಟಿಷ್ ಒಲಿಂಪಿಕ್ ಸಂಸ್ಥೆ ಮಣಿಯಲಿಲ್ಲ. ಸರ್ಕಾರದಿಂದ ಬಂದ ಪತ್ರಗಳಲ್ಲೊಂದರ ಜೊತೆ ಗೊಂಬೆ ಹಿಡಿದು ಸತ್ತು ಬಿದ್ದಿದ್ದ ಬಾಲಕಿಯೊಬ್ಬಳ ಚಿತ್ರವಿತ್ತೆಂದೂ, ಅದನ್ನು ನೋಡಿ ಮಾಸ್ಕೊಗೆ ಹೋಗುವ ತಮ್ಮ ನಿರ್ಧಾರ ಇನ್ನಷ್ಟು ಗಟ್ಟಿಯಾಯಿತೆಂದೂ ವೆಲ್ಸ್ ಮುಂದೆ ಹೇಳಿಕೊಂಡಿದ್ದಾರೆ.

ಇನ್ನೊಂದು ತೊಡಕು ತಾಂತ್ರಿಕವಾದದ್ದು. ಓಟ ಆರಂಭಿಸುವಾಗ ಕಾಲಿಗೆ ಆನಿಕೆ ಕೊಡುವ ಸ್ಟಾರ್ಟಿಂಗ್ ಬ್ಲಾಕುಗಳನ್ನು ವೆಲ್ಸ್ ಬಳಸುತ್ತಿರಲಿಲ್ಲ. ನೆಲದ ಮೇಲೆಯೇ ಪಾದ ಊರಿ ಹೊರಡುವುದು ಅವರ ರೂಢಿ. ಆ ವರ್ಷ ಬ್ಲಾಕುಗಳು ಕಡ್ಡಾಯವಾದವು. ಬೇರೆಯವರು ಬಾಲ್ಯದಿಂದ ಕಲಿತದ್ದನ್ನು ಇವರು ಒಲಿಂಪಿಕ್ಸ್‌ನ ಹೊಸ್ತಿಲಲ್ಲಿ ಕಲಿಯಬೇಕಾಯಿತು. ಆದರೂ ಎರಡನೆಯ ಸುತ್ತಿನಲ್ಲಿ 10.11 ಸೆಕೆಂಡಿನ ಹೊಸ ಬ್ರಿಟಿಷ್ ದಾಖಲೆಯಾಯಿತು. ಫೈನಲ್‌ನ ಫಲಿತಾಂಶ ಈಗಾಗಲೇ ಹೇಳಿದ್ದೇನೆ. 200 ಮೀಟರ್ ಓಟದಲ್ಲಿ ತಿರುವು ದಾಟಿ ಬರುವವರೆಗೂ ವೆಲ್ಸ್ ಮುಂದಿದ್ದರು. ಕೊನೆಯಲ್ಲಿ ಮೆನ್ನೆಯಾ ಹಿಂದಿಕ್ಕಿದರು. 20.19ಕ್ಕೆ ಚಿನ್ನ, 20.21ಕ್ಕೆ ಬೆಳ್ಳಿ.

ಪದಕ ಪ್ರದಾನದ ವೇಳೆ ಬ್ರಿಟನ್ನಿನ ಬಾವುಟ ಏರಲಿಲ್ಲ, ರಾಷ್ಟ್ರಗೀತೆ ನುಡಿಯಲಿಲ್ಲ. ಸರ್ಕಾರದ ವಿರೋಧವಿದ್ದುದರಿಂದ ಬ್ರಿಟನ್ ತಂಡ ಒಲಿಂಪಿಕ್ ಧ್ವಜದ ಅಡಿಯಲ್ಲಿ ಸ್ಪರ್ಧಿಸಿತ್ತು. ಗೆಲುವನ್ನು ಅಬ್ರಹಾಮ್ಸ್ ಅವರಿಗೆ ಅರ್ಪಿಸುವಿರಾ ಎಂದು ಕೇಳಿದಾಗ ವೆಲ್ಸ್ ಹೆಸರಿಸಿದ್ದು ಎರಿಕ್ ಲಿಡೆಲ್ ಅವರನ್ನು. 1924ರಲ್ಲೇ 400 ಮೀಟರ್ ಓಟ ಗೆದ್ದು, ಮರುವರ್ಷವೇ ಓಟ ಬಿಟ್ಟು ಚೀನಾಕ್ಕೆ ಮಿಷನರಿಯಾಗಿ ಹೋಗಿ, 1945ರಲ್ಲಿ ಅಲ್ಲಿಯ ಜಪಾನೀ ಬಂಧನ ಶಿಬಿರದಲ್ಲಿ ತೀರಿಕೊಂಡ ಸ್ಕಾಟ್ಲೆಂಡಿನವರು ಲಿಡೆಲ್.

ಅಮೆರಿಕದವರಿಲ್ಲದ ಓಟ, ಅದೇನು ಗೆಲುವು ಎಂದವರೂ ಇದ್ದರು. ಎರಡು ವಾರ ಕಳೆದ ಮೇಲೆ ಪಶ್ಚಿಮ ಜರ್ಮನಿಯ ಕೊಬ್ಲೆಂಟ್ಸ್‌ನಲ್ಲಿ ಸ್ಟ್ಯಾನ್ಲಿ ಫ್ಲಾಯ್ಡ್ ಸೇರಿದಂತೆ ಅಮೆರಿಕದ ಮುಂಚೂಣಿಯ ಓಟಗಾರರು ವೆಲ್ಸ್ ಎದುರು ನಿಂತರು. ಆಗಿನ್ನೂ ಹುಡುಗನಾಗಿದ್ದ ಕಾರ್ಲ್ ಲೂಯಿಸ್ ಕೂಡ ಅವರಲ್ಲಿದ್ದರು. ಅಂದು ಕೂಡ ವೆಲ್ಸ್ ಗೆದ್ದರು. 1982ರ ಬ್ರಿಸ್ಬೇನ್ ಕಾಮನ್‌ವೆಲ್ತ್ ಕೂಟದಲ್ಲಿ, ಮೂವತ್ತರ ವಯಸ್ಸಿನಲ್ಲಿ, 100 ಮೀಟರ್ ಚಿನ್ನದ ಜೊತೆಗೆ 200 ಮೀಟರ್ ಚಿನ್ನವನ್ನು ಇಂಗ್ಲೆಂಡಿನ ಮೈಕ್ ಮೆಕ್‌ಫಾರ್ಲೇನ್ ಜೊತೆ ಹಂಚಿಕೊಂಡರು. ಇಬ್ಬರಲ್ಲಿ ಮುಂದೆ ಯಾರೆಂದು ಛಾಯಾಚಿತ್ರಕ್ಕೂ ಹೇಳಲಾಗಲಿಲ್ಲ.

ಹೊತ್ತಿನ ಲೆಕ್ಕ

ಓಟದ ಜೊತೆಗೊಂದು ವೃತ್ತಿ ನಡೆಸಿದವರು ವೆಲ್ಸ್ ಒಬ್ಬರೇ ಅಲ್ಲ. ಜಮೈಕಾದ ಆರ್ಥರ್ ವಿಂಟ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಗೆದ್ದಾಗ ಅದೇ ಊರಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಮುಂದೆ ತಮ್ಮ ನಾಡಿನಲ್ಲಿ ಶಸ್ತ್ರವೈದ್ಯರಾದರು. ಮೆನ್ನೆಯಾ ಹಲವು ಪದವಿಗಳನ್ನು ಪಡೆದು ವಕೀಲರಾದರು, ಯುರೋಪಿಯನ್ ಸಂಸತ್ತಿನ ಸದಸ್ಯರೂ ಆದರು. ಆದರೆ ಇವರೆಲ್ಲರ ನಡುವೆ ಒಂದು ವ್ಯತ್ಯಾಸವಿದೆ. ವಿದ್ಯಾರ್ಥಿಗೆ ರಜೆಯಿರುತ್ತದೆ, ಉಳ್ಳವನಿಗೆ ಬಿಡುವಿರುತ್ತದೆ. ದಿನದ ಕೆಲಸಕ್ಕೆ ಹೋಗುವವನಿಗೆ ಇವೆರಡೂ ಇಲ್ಲ. ದುಡ್ಡು ಮುಟ್ಟಬಾರದೆಂಬ ನಿಯಮ ಎಲ್ಲರಿಗೂ ಒಂದೇ ಎಂದು ತೋರಿದರೂ ಅದರ ಭಾರ ಬೀಳುತ್ತಿದ್ದುದು ಹೊತ್ತನ್ನು ಮಾರಿ ಬದುಕುವವನ ಮೇಲೆ. ಮೆಕ್ಯಾನಿಕ್ ಬರಬಾರದು ಎಂಬ ಮಾತನ್ನು 1880ರಲ್ಲಿ ಅಳಿಸಿದರು, ನಿಜ. ಆದರೆ ಮೆಕ್ಯಾನಿಕ್‌ಗೆ ಬರಲು ಹೊತ್ತೆಲ್ಲಿ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಈ ಪ್ರಶ್ನೆಗೆ ನಮ್ಮ ದೇಶ ಬೇರೆಯದೇ ಉತ್ತರ ಕಂಡುಕೊಂಡಿತು. ಸೇನೆ, ರೈಲ್ವೆ, ಪೊಲೀಸ್ ಇಲಾಖೆ, ಸಾರ್ವಜನಿಕ ಉದ್ದಿಮೆಗಳು ಓಟಗಾರನಿಗೆ ಕೆಲಸ ಕೊಟ್ಟವು, ಅಭ್ಯಾಸಕ್ಕೆ ಬಿಡುವನ್ನೂ ಕೊಟ್ಟವು. ಮಿಲ್ಖಾ ಸಿಂಗ್ ಓಟ ಕಲಿತದ್ದೇ ಸೇನೆ ಸೇರಿದ ಮೇಲೆ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ನಾಲ್ಕನೆಯವರಾದರು. ನಮ್ಮ ಕೋಲಾರದ ಕೆನೆತ್ ಪೊವೆಲ್ ಬೆಂಗಳೂರಿನ ಐಟಿಐ ಕಾರ್ಖಾನೆಯ ಉದ್ಯೋಗಿಯಾಗಿದ್ದವರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಓಡಿದರು, 1965ರ ಅರ್ಜುನ ಪ್ರಶಸ್ತಿ ಪಡೆದರು. 2022ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಹಳೆಯ ತಲೆಮಾರಿನ ಕ್ರೀಡಾಪ್ರಿಯರು ಅವರ ವೇಗವನ್ನೂ ಸೌಜನ್ಯವನ್ನೂ ಒಟ್ಟಿಗೆ ನೆನೆದರು. ಈ ವ್ಯವಸ್ಥೆಯಲ್ಲಿ ಕೊರತೆಗಳಿಲ್ಲ ಎನ್ನಲಾಗದು. ಆದರೆ ಓಡಬೇಕಾದವನಿಗೆ ಮೊದಲು ಊಟ ಬೇಕು, ಹೊತ್ತು ಬೇಕು ಎಂಬ ಸಾಮಾನ್ಯ ಜ್ಞಾನ ಅದರಲ್ಲಿತ್ತು.

ಹವ್ಯಾಸಿ ಗೋಡೆ ಕೊನೆಗೆ ತಾನಾಗಿಯೇ ಬಿರುಕು ಬಿಟ್ಟಿತು. 1982ರಲ್ಲಿ ಓಟಗಾರರ ಗಳಿಕೆಯನ್ನು ಟ್ರಸ್ಟ್ ನಿಧಿಯಲ್ಲಿಡಲು ಅವಕಾಶವಾಯಿತು. 1997ರಿಂದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಗದು ಬಹುಮಾನ ಬಂತು. 2001ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ತನ್ನ ಹೆಸರಿನಲ್ಲಿದ್ದ 'ಅಮೆಚೂರ್' ಎಂಬ ಪದವನ್ನೇ ತೆಗೆದುಹಾಕಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್ ಚಿನ್ನ ಗೆದ್ದವರಿಗೆ ಅದೇ ಸಂಸ್ಥೆ ತಲಾ 50,000 ಡಾಲರ್ ನೀಡಿತು. ಥಾರ್ಪ್ ಅವರ ಪದಕ ಕಿತ್ತುಕೊಂಡದ್ದಕ್ಕೂ ಇದಕ್ಕೂ ನಡುವೆ ನೂರಹನ್ನೊಂದು ವರ್ಷ.

ಹಾಗೆಂದು ಹೊತ್ತಿನ ಪ್ರಶ್ನೆ ತೀರಿತೇ? ಹಣ ಹರಿಯುವುದು ತುದಿಯಲ್ಲಿರುವ ಕೆಲವರಿಗೆ. ಮಿಕ್ಕವರು ಇಂದಿಗೂ ಬೆಳಗ್ಗೆ ಓಡಿ ಕಚೇರಿಗೆ ಹೋಗುತ್ತಾರೆ, ಇಲ್ಲವೇ ಕಚೇರಿ ಮುಗಿಸಿ ಟ್ರ್ಯಾಕಿಗೆ ಬರುತ್ತಾರೆ. ವೆಲ್ಸ್ ಸಹ ಓಟ ಮುಗಿದ ಮೇಲೆ ತಮ್ಮ ಕಸುಬಿಗೇ ಮರಳಿದರು. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿರುವ ಸರ್ರೆ ವಿಶ್ವವಿದ್ಯಾಲಯದಲ್ಲಿ ಸಿಸ್ಟಮ್ಸ್ ಎಂಜಿನಿಯರ್ ಆಗಿ ದುಡಿದರು. ಜಗತ್ತಿನ ಅತಿ ವೇಗದ ಮನುಷ್ಯ ಎನಿಸಿಕೊಂಡಿದ್ದವರು ಎಲ್ಲರಂತೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋದರು.